ಇದನ್ನು ಬೇರೆ ಯಾರೂ ಮಾಡುವುದಿಲ್ಲವೇ? – ಔಷಧಿ, ಪೇಟೆಂಟ್ ಮತ್ತು ಕಡ್ಡಾಯ ಪರವಾನಗಿಯ ಕಥೆ

ನಮ್ಮ ಮಹಿಳಾ ವೇದಿಕೆಯ ಇ-ಸ್ಮರಣ ಸಂಚಿಕೆಗೆ ಈ ಸಲ ನೀನು ಬರೆಯಲೇಬೇಕು ಎಂದು ವೇದಿಕೆಯ ಅಕ್ಕಂದಿರು ಹೇಳಿದಾಗ, ಅಡುಗೆ ಅಥವಾ ಪ್ರವಾಸದ ಬಗ್ಗೆ ನಾಲ್ಕು ಸಾಲು ಬರೆದು ಕೊಟ್ಟರಾಯಿತು ಅಂದುಕೊಂಡಿದ್ದೆ. ಆದರೆ ಬರೆಯಲು ಕುಳಿತಾಗ ಮನಸ್ಸಿಗೆ ಬಂದದ್ದು ಬೇರೆಯೇ. ಮೂರು ವರ್ಷಗಳಿಂದ ನನ್ನ ತಲೆಯಲ್ಲಿ ಉಳಿದಿರುವ ಒಂದು ಪ್ರಶ್ನೆ ಅದು. ಕೇಳಿದ್ದು ನಾನಲ್ಲ, ನನ್ನ ಚಿಕ್ಕಮ್ಮ.

ಚಿಕ್ಕಮ್ಮ ಸಾಗರ ತಾಲೂಕಿನವರು. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು. 2022ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಮೂಳೆಗೂ ಹರಡಿತ್ತು. ನಾನು ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸದಲ್ಲಿದ್ದೆ, ಮಗುವನ್ನು ನೋಡಿಕೊಳ್ಳಲು ಅಮ್ಮ ನನ್ನ ಜೊತೆಗೇ ಇದ್ದರು. ಅಕ್ಕನ ಹತ್ತಿರವೇ ಇರಲಿ ಎಂದು ಚಿಕ್ಕಪ್ಪ ಚಿಕ್ಕಮ್ಮನನ್ನು ಇಲ್ಲಿಗೆ ಕರೆತಂದರು. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹೆಸರು ಪಾಲ್ಬೊಸಿಕ್ಲಿಬ್. 21 ದಿನ ತೆಗೆದುಕೊಳ್ಳಬೇಕು, 7 ದಿನ ಬಿಡಬೇಕು, ಮತ್ತೆ ಶುರು ಮಾಡಬೇಕು. ಎಷ್ಟು ತಿಂಗಳು ಎಂದು ಕೇಳಿದರೆ, ಕೆಲಸ ಮಾಡುವಷ್ಟು ದಿನ ಎಂದರು.

ಮೊದಲ ತಿಂಗಳ ಬಿಲ್ ನೋಡಿದಾಗ ಅದು ನನ್ನ ಮನೆ ಬಾಡಿಗೆಯ ಎರಡರಷ್ಟಕ್ಕಿಂತ ಹೆಚ್ಚಿತ್ತು. ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಅಡಿಕೆ ಮಾರಿದ ದುಡ್ಡಿನ ಲೆಕ್ಕ ಹಾಕುತ್ತಾ ಕುಳಿತರು. ಚಿಕ್ಕಮ್ಮ ಮಾತ್ರ ಮಾತ್ರೆಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನನ್ನು ಕೇಳಿದರು: “ಅಲ್ಲ ಪುಟ್ಟಿ, ಇದನ್ನ ಬೇರೆ ಯಾರೂ ಮಾಡೋದಿಲ್ವಾ? ಜ್ವರದ ಮಾತ್ರೆ ಹತ್ತು ಕಂಪನಿ ಮಾಡ್ತಾವಲ್ಲ!”

ಎಂ.ಟೆಕ್ ಓದಿದವಳು ನಾನು. ಉತ್ತರ ಗೊತ್ತಿರಬೇಕಿತ್ತು. “ಅದಕ್ಕೆ ಪೇಟೆಂಟ್ ಇದೆ ಚಿಕ್ಕಮ್ಮ” ಎಂದೆ. “ಹಾಗಂದ್ರೆ?” ಎಂದು ಮತ್ತೆ ಕೇಳಿದರು. ಆ “ಹಾಗಂದ್ರೆ”ಗೆ ಉತ್ತರ ಹುಡುಕುತ್ತಾ ಹೋಗಿ ನಾನು ತಿಳಿದುಕೊಂಡ ಇತಿಹಾಸವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮದೇ ಕೊಚ್ಚಿಯಲ್ಲಿ, ಅದೂ ಒಬ್ಬ ಮಹಿಳೆಯಿಂದ.

ಪೇಟೆಂಟ್ ಎಂದರೆ ಒಂದು ಒಪ್ಪಂದ

ಐಟಿಯಲ್ಲಿರುವ ನಮಗೆ ಪೇಟೆಂಟ್ ಹೊಸ ಶಬ್ದವಲ್ಲ. ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ಮೊದಲ ಕೆಲಸದಲ್ಲಿದ್ದಾಗ, ನಮ್ಮ ತಂಡದ ಒಂದು ಪೇಟೆಂಟ್ ಅರ್ಜಿಯಲ್ಲಿ ಇನ್ನೂ ಮೂವರ ಜೊತೆ ನನ್ನ ಹೆಸರೂ ಇತ್ತು. ಆವತ್ತು ಮನೆಗೆ ಫೋನ್ ಮಾಡಿ ಹೇಳಿದ ಸಂಭ್ರಮ ಇನ್ನೂ ನೆನಪಿದೆ. ಹಾಗಾಗಿ ಪೇಟೆಂಟ್ ಎಂದರೆ ಕೆಟ್ಟದ್ದು ಎಂದು ನಾನು ಹೇಳಲಾರೆ.

ಸರಳವಾಗಿ ಹೇಳುವುದಾದರೆ ಇದು ಸಮಾಜ ಮತ್ತು ಸಂಶೋಧಕರ ನಡುವಿನ ಒಪ್ಪಂದ. ನೀನು ಕಂಡುಹಿಡಿದದ್ದನ್ನು ಗುಟ್ಟಾಗಿಡದೆ ಎಲ್ಲರಿಗೂ ತಿಳಿಯುವಂತೆ ಬರೆದುಕೊಡು. ಅದಕ್ಕೆ ಪ್ರತಿಯಾಗಿ ಇಂತಿಷ್ಟು ವರ್ಷ ನಿನ್ನನ್ನು ಬಿಟ್ಟು ಬೇರೆ ಯಾರೂ ಅದನ್ನು ತಯಾರಿಸಿ ಮಾರದಂತೆ ನೋಡಿಕೊಳ್ಳುತ್ತೇವೆ. ಈಗ ಆ ಅವಧಿ 20 ವರ್ಷ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ತಯಾರಿಸಬಹುದು.

ಮೊಬೈಲಿನ ಒಂದು ಸೌಲಭ್ಯಕ್ಕೆ ಪೇಟೆಂಟ್ ಇದ್ದರೆ ನಾವು ಬೇರೆ ಮೊಬೈಲ್ ಕೊಳ್ಳುತ್ತೇವೆ, ಇಲ್ಲವೇ ಹಳೆಯದರಲ್ಲೇ ಕಾಲ ಹಾಕುತ್ತೇವೆ. ಮಾತ್ರೆಯ ವಿಷಯದಲ್ಲಿ ಇದು ನಡೆಯುವುದಿಲ್ಲ. ಕಾಯಿಲೆ 20 ವರ್ಷ ಕಾಯುವುದಿಲ್ಲ. ಹೀಗಾಗಿಯೇ ಈ ಒಪ್ಪಂದಕ್ಕೆ ಒಂದು ವಿನಾಯಿತಿ ಬೇಕು ಎಂಬ ಮಾತು ಬಹಳ ಹಿಂದಿನಿಂದ ಇದೆ. ಪೇಟೆಂಟ್ ಇದ್ದವರು ಒಪ್ಪದಿದ್ದರೂ, ಅವರಿಗೆ ರಾಯಲ್ಟಿ ಕೊಡಿಸಿ, ಬೇರೆಯವರಿಗೆ ಔಷಧಿ ತಯಾರಿಸಲು ಸರ್ಕಾರ ಅನುಮತಿ ಕೊಡುವುದೇ ಆ ವಿನಾಯಿತಿ. ಇದಕ್ಕೆ ಕಡ್ಡಾಯ ಪರವಾನಗಿ ಎನ್ನುತ್ತಾರೆ. ಇಲ್ಲಿ ಪೇಟೆಂಟ್ ರದ್ದಾಗುವುದಿಲ್ಲ, ಸಂಶೋಧಕರ ಪಾಲು ಅವರಿಗೆ ಸಲ್ಲುತ್ತದೆ. ಇನ್ನೊಬ್ಬರನ್ನು ತಡೆಯುವ ಹಕ್ಕು ಮಾತ್ರ ಸಡಿಲವಾಗುತ್ತದೆ.

ಅಯ್ಯಂಗಾರ್ ವರದಿಯಿಂದ 1970ರ ಕಾಯ್ದೆವರೆಗೆ

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿದ್ದದ್ದು ಬ್ರಿಟಿಷರ ಕಾಲದ 1911ರ ಪೇಟೆಂಟ್ ಕಾಯ್ದೆ. ಅದನ್ನು ಪರಿಶೀಲಿಸಲು 1948ರಲ್ಲಿ ಬಕ್ಷಿ ಟೇಕ್ ಚಂದ್ ಅವರ ಸಮಿತಿ ಆಯಿತು. 1952ರ ತಿದ್ದುಪಡಿಯಲ್ಲಿ ಆಹಾರ ಮತ್ತು ಔಷಧಿಗಳ ಪೇಟೆಂಟ್‌ಗಳಿಗೆ ಕಡ್ಡಾಯ ಪರವಾನಗಿ ಕೊಡುವ ಅವಕಾಶ ಬಂತು. ಅಂದರೆ ಈ ವಿಚಾರ ನಮ್ಮ ದೇಶದಲ್ಲಿ 70 ವರ್ಷಕ್ಕೂ ಹಳೆಯದು. ಆದರೆ ಅದರ ಬಳಕೆ ಬಹಳ ಕಡಿಮೆ ಇತ್ತು.

ನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿ ಇಡೀ ಚಿತ್ರವನ್ನು ಬದಲಿಸಿತು. ಭಾರತದ ಪೇಟೆಂಟ್‌ಗಳಲ್ಲಿ ಶೇ. 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚಿನವನ್ನು ಇಲ್ಲಿ ತಯಾರಿಕೆಗೆ ಬಳಸುತ್ತಲೇ ಇಲ್ಲ ಎಂದು ಅವರು ತೋರಿಸಿದರು. ಅಂದರೆ ಪೇಟೆಂಟ್ ಇಲ್ಲಿ ಕಾರ್ಖಾನೆ ತೆರೆಯಲು ಉಪಯೋಗವಾಗುತ್ತಿರಲಿಲ್ಲ, ತೆರೆಯದಂತೆ ತಡೆಯಲು ಉಪಯೋಗವಾಗುತ್ತಿತ್ತು. ಅದೇ ಸುಮಾರಿಗೆ ಅಮೆರಿಕದ ಸೆನೆಟ್‌ನ ಕೆಫಾವರ್ ಸಮಿತಿ ಕೂಡ, ಔಷಧಿಯ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಭಾರತವೂ ಒಂದು ಎಂದು ಹೇಳಿತ್ತು. ಬಡ ದೇಶದಲ್ಲಿ ದುಬಾರಿ ಮಾತ್ರೆ!

ಅಯ್ಯಂಗಾರ್ ವರದಿಯ ಆಧಾರದ ಮೇಲೆ 1970ರ ಪೇಟೆಂಟ್ ಕಾಯ್ದೆ ರೂಪುಗೊಂಡು 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಆಹಾರ ಮತ್ತು ಔಷಧಿಗಳಿಗೆ ವಸ್ತುವಿನ ಮೇಲೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಪೇಟೆಂಟ್. ಅದೂ ಹೆಚ್ಚೆಂದರೆ 7 ವರ್ಷ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಬಿಸಿಬೇಳೆಬಾತ್ ಯಾರ ಸ್ವತ್ತೂ ಅಲ್ಲ. ನಿಮ್ಮ ಮನೆಯ ಪುಡಿ ಮಾಡುವ ಕ್ರಮ ಮಾತ್ರ ನಿಮ್ಮದು. ಬೇರೆ ಕ್ರಮದಲ್ಲಿ ಅದೇ ಬಾತ್ ಮಾಡಲು ಎಲ್ಲರಿಗೂ ಅವಕಾಶ ಇದೆ. ನಮ್ಮ ರಸಾಯನಶಾಸ್ತ್ರಜ್ಞರು ಹೊಸ ಹೊಸ ಕ್ರಮಗಳನ್ನು ಕಂಡುಕೊಂಡರು, ದೇಶೀ ಕಂಪನಿಗಳು ಬೆಳೆದವು, ಬೆಲೆ ಇಳಿಯಿತು. 1981ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯಲ್ಲಿ ಇಂದಿರಾ ಗಾಂಧಿಯವರು, ಜೀವ ಮತ್ತು ಸಾವಿನ ವಿಷಯದಲ್ಲಿ ಲಾಭಕೋರತನ ಇರಬಾರದು ಎಂಬ ಅರ್ಥದ ಮಾತನ್ನು ಹೇಳಿದ್ದು ಈ ಹಿನ್ನೆಲೆಯಲ್ಲೇ.

ಏಡ್ಸ್ ಕಲಿಸಿದ ಪಾಠ

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರ ಜೊತೆ ಬಂದ ಟ್ರಿಪ್ಸ್ ಒಪ್ಪಂದದ ಪ್ರಕಾರ ಸದಸ್ಯ ದೇಶಗಳೆಲ್ಲ ಔಷಧಿಗೂ 20 ವರ್ಷದ ಪೇಟೆಂಟ್ ಕೊಡಬೇಕು. ಭಾರತಕ್ಕೆ ಹತ್ತು ವರ್ಷದ ಗಡುವು ಸಿಕ್ಕಿತು.

ಆ ಹತ್ತು ವರ್ಷಗಳಲ್ಲೇ ಆಫ್ರಿಕಾದಲ್ಲಿ ಏಡ್ಸ್ ಊರೂರುಗಳನ್ನೇ ಬಲಿ ತೆಗೆದುಕೊಳ್ಳುತ್ತಿತ್ತು. ಔಷಧಿ ಇತ್ತು, ಆದರೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ಖರ್ಚು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಅದೇ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುವುದಾಗಿ ಘೋಷಿಸಿದರು. 1970ರ ಕಾಯ್ದೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ದಕ್ಷಿಣ ಆಫ್ರಿಕಾ ಸರ್ಕಾರದ ಔಷಧ ಕಾನೂನಿನ ವಿರುದ್ಧ 39 ಕಂಪನಿಗಳು ಹೂಡಿದ್ದ ಮೊಕದ್ದಮೆಯನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ಹಿಂದಕ್ಕೆ ಪಡೆಯಬೇಕಾಯಿತು.

ಅದೇ ವರ್ಷ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ಹರಡಿದಾಗ, ಅಲ್ಲಿನ ಸರ್ಕಾರವೇ ಸಿಪ್ರೊಫ್ಲಾಕ್ಸಸಿನ್ ಔಷಧಿಯ ಪೇಟೆಂಟ್ ಬದಿಗಿಡುವ ಸುಳಿವು ಕೊಟ್ಟು ಬೆಲೆ ಇಳಿಸಿಕೊಂಡಿತು. ತಮಗೆ ಬಂದಾಗ ಒಂದು ನ್ಯಾಯ, ಇತರರಿಗೆ ಒಂದು ನ್ಯಾಯ ಎನ್ನುವುದು ಆಮೇಲೆ ಕಷ್ಟವಾಯಿತು. 2001ರ ನವೆಂಬರ್ 14ರಂದು ದೋಹಾದಲ್ಲಿ ವ್ಯಾಪಾರ ಮಂತ್ರಿಗಳು ಒಂದು ಘೋಷಣೆಗೆ ಒಪ್ಪಿದರು. ಟ್ರಿಪ್ಸ್ ಒಪ್ಪಂದ ಸಾರ್ವಜನಿಕ ಆರೋಗ್ಯದ ರಕ್ಷಣೆಗೆ ಅಡ್ಡಿಯಾಗಬಾರದು, ಕಡ್ಡಾಯ ಪರವಾನಗಿ ಕೊಡುವ ಹಕ್ಕು ಪ್ರತಿ ದೇಶಕ್ಕೂ ಇದೆ, ಯಾವುದು ತುರ್ತುಸ್ಥಿತಿ ಎಂದು ನಿರ್ಧರಿಸುವುದೂ ಆಯಾ ದೇಶವೇ ಎಂಬುದು ಅದರ ಸಾರ. ಈ ಹಕ್ಕನ್ನು ಬಳಸಿ 2006ರಲ್ಲಿ ಥಾಯ್ಲೆಂಡ್, 2007ರಲ್ಲಿ ಬ್ರೆಜಿಲ್ ಎಫಾವಿರೆಂಜ್ ಎಂಬ ಏಡ್ಸ್ ಔಷಧಿಗೆ ಕಡ್ಡಾಯ ಪರವಾನಗಿ ಹೊರಡಿಸಿದವು. ಮಾತ್ರೆ ಹೋಗಿದ್ದು ನಮ್ಮ ಭಾರತದಿಂದ!

ನಮ್ಮ ಕಾಯ್ದೆಯ ಮೂರು ಬಾಗಿಲು

ಗಡುವು ಮುಗಿದು 2005ರ ಜನವರಿ 1ರಿಂದ ಭಾರತದಲ್ಲೂ ಔಷಧಿಗೆ ಪೂರ್ಣ ಪೇಟೆಂಟ್ ಬಂತು. ಆದರೆ ನಮ್ಮ ಸಂಸತ್ತು ಕಾಯ್ದೆಯಲ್ಲಿ ಮೂರು ಬಾಗಿಲುಗಳನ್ನು ಉಳಿಸಿಕೊಂಡಿದೆ.

ಮೊದಲನೆಯದು ಸೆಕ್ಷನ್ 84. ಪೇಟೆಂಟ್ ಸಿಕ್ಕಿ ಮೂರು ವರ್ಷವಾದ ಮೇಲೆ ಯಾರು ಬೇಕಾದರೂ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಬಹುದು. ಜನರ ಅಗತ್ಯ ಪೂರೈಕೆಯಾಗುತ್ತಿಲ್ಲ, ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಿಲ್ಲ, ಭಾರತದಲ್ಲಿ ಆ ಪೇಟೆಂಟ್ ಬಳಕೆಯಾಗುತ್ತಿಲ್ಲ – ಈ ಮೂರರಲ್ಲಿ ಒಂದನ್ನಾದರೂ ತೋರಿಸಬೇಕು.

ಎರಡನೆಯದು ಸೆಕ್ಷನ್ 92. ರಾಷ್ಟ್ರೀಯ ತುರ್ತುಸ್ಥಿತಿ ಅಥವಾ ತೀರಾ ತುರ್ತು ಸಂದರ್ಭ ಬಂದರೆ, ಅಥವಾ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಬಳಕೆಗೆ ಬೇಕಾದರೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಆಗ ಮೂರು ವರ್ಷ ಕಾಯಬೇಕಾಗಿಲ್ಲ. ಏಡ್ಸ್, ಕ್ಷಯ, ಮಲೇರಿಯಾ ಮತ್ತು ಇತರ ಸಾಂಕ್ರಾಮಿಕಗಳ ಹೆಸರು ಕಾಯ್ದೆಯಲ್ಲೇ ಇದೆ.

ಮೂರನೆಯದು ಸೆಕ್ಷನ್ 100. ಸರ್ಕಾರ ತನ್ನ ಉದ್ದೇಶಕ್ಕಾಗಿ ಯಾವ ಪೇಟೆಂಟನ್ನಾದರೂ ತಾನೇ ಬಳಸಬಹುದು, ಬೇರೆಯವರಿಗೂ ಬಳಸಲು ಹೇಳಬಹುದು. ಪೇಟೆಂಟ್ ಇದ್ದವರಿಗೆ ತಕ್ಕ ಪ್ರತಿಫಲ ಕೊಡಬೇಕು.

ಈ ಮೂರರಲ್ಲಿ ಇಲ್ಲಿಯವರೆಗೆ ಔಷಧಿಗಾಗಿ ತೆರೆದದ್ದು ಮೊದಲನೆಯದು ಮಾತ್ರ, ಅದೂ ಒಂದೇ ಒಂದು ಸಲ.

ಕೇರಳದ ಅಧಿಕಾರಿಯ ಒಂದು ಆದೇಶ

ಆ ಒಂದು ಸಲದ ಕಥೆಗೂ ಕೇರಳಕ್ಕೂ ನಂಟಿದೆ. ಬೇಯರ್ ಕಂಪನಿಯ ನೆಕ್ಸಾವರ್ ಎಂಬುದು ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಮಾತ್ರೆ. ಅದರ ಬೆಲೆ ಒಂದು ತಿಂಗಳಿಗೆ 2,80,428 ರೂ. ಇತ್ತು. ಹೈದರಾಬಾದಿನ ನ್ಯಾಟ್ಕೋ ಕಂಪನಿ ಸೆಕ್ಷನ್ 84ರ ಅಡಿ ಅರ್ಜಿ ಹಾಕಿ, ತಾನು ಅದೇ ಔಷಧಿಯನ್ನು ತಿಂಗಳಿಗೆ 8,880 ರೂ.ಗೆ ಕೊಡುತ್ತೇನೆ ಎಂದಿತು. ಆಗ ಪೇಟೆಂಟ್ ಮಹಾನಿಯಂತ್ರಕರಾಗಿದ್ದವರು ಕೇರಳ ಕೇಡರ್‌ನ ಐಎಎಸ್ ಅಧಿಕಾರಿ ಪಿ.ಎಚ್. ಕುರಿಯನ್. ಮುಂದೆ ಅವರು ತಿರುವನಂತಪುರದ ಸಚಿವಾಲಯದಲ್ಲಿ ಐಟಿ, ಕಂದಾಯ ಮೊದಲಾದ ಇಲಾಖೆಗಳನ್ನು ನೋಡಿಕೊಂಡರು. 2012ರ ಮಾರ್ಚ್ 9ರಂದು ಅವರು ನ್ಯಾಟ್ಕೋಗೆ ಪರವಾನಗಿ ಕೊಟ್ಟರು. ಔಷಧಿ ತಲುಪುತ್ತಿದ್ದದ್ದು ಅಗತ್ಯವಿದ್ದವರಲ್ಲಿ ಸುಮಾರು ಶೇ. 2ರಷ್ಟು ಜನರಿಗೆ ಮಾತ್ರ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಬೇಯರ್‌ಗೆ ಶೇ. 6 ರಾಯಲ್ಟಿ ಕೊಡಬೇಕು, ವರ್ಷಕ್ಕೆ ಕನಿಷ್ಠ 600 ಬಡ ರೋಗಿಗಳಿಗೆ ಉಚಿತವಾಗಿ ಕೊಡಬೇಕು ಎಂಬ ಷರತ್ತುಗಳೂ ಇದ್ದವು. ಮೇಲ್ಮನವಿಯಲ್ಲಿ ರಾಯಲ್ಟಿ ಶೇ. 7 ಆಯಿತು, ಆದೇಶ ಉಳಿಯಿತು. 2014ರಲ್ಲಿ ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ.

ಇದರ ಬೆನ್ನಿಗೇ ನಮ್ಮ ಬೆಂಗಳೂರಿಗೂ ಸಂಬಂಧಿಸಿದ ಒಂದು ಘಟನೆ ನಡೆಯಿತು. 2013ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಸೇರಿ ಮೂರು ಔಷಧಿಗಳಿಗೆ ಕಡ್ಡಾಯ ಪರವಾನಗಿ ಕೊಡಬೇಕೆಂದು ಶಿಫಾರಸು ಮಾಡಿತು. ಪರವಾನಗಿ ಹೊರಡಲೇ ಇಲ್ಲ. ಆದರೆ ಅದೇ ಆಗಸ್ಟ್‌ನಲ್ಲಿ ರೋಶ್ ಕಂಪನಿ ಭಾರತದಲ್ಲಿ ಆ ಪೇಟೆಂಟನ್ನೇ ಮುಂದುವರಿಸದೆ ಕೈಬಿಟ್ಟಿತು. 2014ರ ಆರಂಭದಲ್ಲಿ ಕಿರಣ್ ಮಜುಂದಾರ್ ಶಾ ಅವರ ಬಯೋಕಾನ್, ಅದೇ ಗುಣದ ಔಷಧಿಯನ್ನು ಸುಮಾರು ಕಾಲು ಭಾಗ ಕಡಿಮೆ ಬೆಲೆಗೆ ಹೊರತಂದಿತು. ಬಾಗಿಲು ತೆರೆಯುವುದೇ ಬೇಕಾಗಿಲ್ಲ, ಚಿಲಕದ ಸದ್ದಾದರೂ ಸಾಕು ಎನ್ನುವುದಕ್ಕೆ ಇದು ಉದಾಹರಣೆ.

ಆಮೇಲೆ ಏನಾಯಿತು? ಡಸಾಟಿನಿಬ್ ಎಂಬ ಔಷಧಿಗೆ ಹಾಕಿದ ಅರ್ಜಿ 2013ರಲ್ಲಿ, ಮಧುಮೇಹದ ಸ್ಯಾಕ್ಸಾಗ್ಲಿಪ್ಟಿನ್‌ಗೆ ಹಾಕಿದ ಅರ್ಜಿ 2016ರಲ್ಲಿ ತಿರಸ್ಕೃತವಾದವು. ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿ ಪ್ರತಿವರ್ಷದ ತನ್ನ ವರದಿಯಲ್ಲಿ ಭಾರತವನ್ನು ಕಣ್ಣಿಡಬೇಕಾದ ದೇಶಗಳ ಪಟ್ಟಿಗೆ ಸೇರಿಸುತ್ತಲೇ ಇದೆ.

ಕೋವಿಡ್ ಬಂದಾಗ

ದೇಶದ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದು ನಮ್ಮ ಕೇರಳದಲ್ಲೇ, 2020ರ ಜನವರಿ 30ರಂದು, ತ್ರಿಶೂರಿನಲ್ಲಿ. ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಎಂದರೆ ಏನೆಂದು ನಾವೆಲ್ಲ ಮನೆಯೊಳಗೆ ಕುಳಿತು ಕಲಿತೆವು. ರೆಮ್ಡೆಸಿವಿರ್ ಪೇಟೆಂಟ್ ಇದ್ದ ಗಿಲಿಯಡ್ ಕಂಪನಿ 2020ರ ಮೇ ತಿಂಗಳಲ್ಲಿ ತಾನಾಗಿಯೇ ಕೆಲವು ಭಾರತೀಯ ಕಂಪನಿಗಳಿಗೆ ತಯಾರಿಸಲು ಪರವಾನಗಿ ಕೊಟ್ಟಿತು. ನಂಜನಗೂಡಿನಲ್ಲಿ ಕಾರ್ಖಾನೆ ಇರುವ ಜುಬಿಲಂಟ್ ಅವುಗಳಲ್ಲಿ ಒಂದು. ಆದರೂ 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದಾಗ ಒಂದೊಂದು ವಯಲ್‌ಗಾಗಿ ಜನ ಪಟ್ಟ ಪಾಡು ನಮಗೆಲ್ಲ ಗೊತ್ತು. ನಮ್ಮ ಅಸೋಸಿಯೇಷನ್ ವಾಟ್ಸ್ಯಾಪ್ ಗುಂಪಿನಲ್ಲೂ ಆ ದಿನಗಳಲ್ಲಿ ಅದೇ ವಿಚಾರಣೆ.

2021ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ, ಸೆಕ್ಷನ್ 92 ಮತ್ತು 100ನ್ನು ಯಾಕೆ ಬಳಸಬಾರದು ಎಂದು ಕೇಂದ್ರವನ್ನು ಯೋಚಿಸುವಂತೆ ಹೇಳಿತು. ಈ ಹಂತದಲ್ಲಿ ಹಾಗೆ ಮಾಡಿದರೆ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚಾಗಬಹುದು, ಕೊರತೆ ಇರುವುದು ಕಚ್ಚಾ ವಸ್ತುವಿನದು ಎಂಬ ಅರ್ಥದ ಉತ್ತರ ಕೊಟ್ಟಿತು ಕೇಂದ್ರ. ಬಾರಿಸಿಟಿನಿಬ್ ಎಂಬ ಔಷಧಿಗೆ ನ್ಯಾಟ್ಕೋ ತುರ್ತು ಪರವಾನಗಿ ಕೇಳಿದ ಕೆಲವೇ ದಿನಗಳಲ್ಲಿ ಪೇಟೆಂಟ್ ಇದ್ದ ಎಲಿ ಲಿಲ್ಲಿ ತಾನೇ ಪರವಾನಗಿ ಕೊಟ್ಟಿತು, ಅರ್ಜಿ ವಾಪಸ್ಸಾಯಿತು. ಮತ್ತೆ ಚಿಲಕದ ಸದ್ದು.

ವಿಚಿತ್ರವೆಂದರೆ ಹೊರಗೆ ಭಾರತದ ಧ್ವನಿ ದೊಡ್ಡದಿತ್ತು. 2020ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಸೇರಿ, ಕೋವಿಡ್ ಮುಗಿಯುವವರೆಗೆ ಲಸಿಕೆ, ಔಷಧಿ, ಉಪಕರಣಗಳ ಪೇಟೆಂಟ್ ನಿಯಮ ಸಡಿಲಿಸಬೇಕೆಂದು ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದವು. ತೀರ್ಮಾನ ಬರುವಷ್ಟರಲ್ಲಿ 2022ರ ಜೂನ್ 17 ಆಗಿತ್ತು, ಅದೂ ಲಸಿಕೆಗೆ ಮಾತ್ರ. ಸೆಕ್ಷನ್ 92ರ ಬಾಗಿಲು ಇಷ್ಟು ದೊಡ್ಡ ಪಿಡುಗಿನಲ್ಲೂ ಮುಚ್ಚಿಯೇ ಇತ್ತು.

ಮರೈನ್ ಡ್ರೈವ್ ಹತ್ತಿರದ ಆ ಕಟ್ಟಡದಲ್ಲಿ

ಜಿನೀವಾದಲ್ಲಿ ಇದೆಲ್ಲ ನಡೆಯುತ್ತಿದ್ದ 2022ರಲ್ಲೇ, ಎರ್ನಾಕುಲಂನ ಮರೈನ್ ಡ್ರೈವ್ ಹತ್ತಿರ ಇರುವ ಕೇರಳ ಹೈಕೋರ್ಟಿಗೆ ಒಬ್ಬ ಮಹಿಳೆ ರಿಟ್ ಅರ್ಜಿ ಹಾಕಿದರು. ಅವರಿಗೂ ಹರಡಿದ ಸ್ತನ ಕ್ಯಾನ್ಸರ್. ಅವರಿಗೆ ಬರೆದುಕೊಟ್ಟದ್ದು ನೊವಾರ್ಟಿಸ್ ಕಂಪನಿಯ ರಿಬೊಸಿಕ್ಲಿಬ್ – ಚಿಕ್ಕಮ್ಮನ ಪಾಲ್ಬೊಸಿಕ್ಲಿಬ್‌ನ ಸೋದರಿಯಂಥ ಔಷಧಿ. ತಿಂಗಳ ಚಿಕಿತ್ಸೆಗೆ 63,480 ರೂ., ಅದರಲ್ಲಿ ಆ ಒಂದು ಔಷಧಿಗೇ 58,140 ರೂ.

ಅವರು ಕೇಳಿದ್ದು ಪರಿಹಾರದ ಹಣವನ್ನಲ್ಲ. ಈ ಔಷಧಿ ಭಾರತದಲ್ಲಿ ತಯಾರಾಗುತ್ತಿಲ್ಲ, ಪೇಟೆಂಟ್ ಇರುವುದರಿಂದ ಬೇರೆಯವರು ತಯಾರಿಸುವಂತಿಲ್ಲ. ಆದ್ದರಿಂದ ಸರ್ಕಾರ ಸೆಕ್ಷನ್ 92 ಅಥವಾ 100ನ್ನು ಬಳಸಿ ಇಲ್ಲೇ ತಯಾರಿಸುವಂತೆ ಮಾಡಲಿ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಔಷಧಿಯೂ ಸೇರಿದೆ ಎಂದು ಅವರು ವಾದಿಸಿದರು. ನಮ್ಮ ಚಿಕ್ಕಮ್ಮ ಅಡುಗೆಮನೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಆಕೆ ನ್ಯಾಯಾಲಯದಲ್ಲಿ ಕೇಳಿದ್ದರು: ಇದನ್ನು ಬೇರೆ ಯಾರೂ ಮಾಡುವುದಿಲ್ಲವೇ?

ತೀರ್ಪು ಬರುವ ಮೊದಲೇ, 2022ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಸಾಮಾನ್ಯವಾಗಿ ಅರ್ಜಿದಾರರೇ ಇಲ್ಲವಾದರೆ ಇಂಥ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಆದರೆ ನ್ಯಾಯಮೂರ್ತಿ ವಿ.ಜಿ. ಅರುಣ್ ಅವರು, ಇದು ಒಬ್ಬರ ಪ್ರಶ್ನೆಯಲ್ಲ, ಇದೇ ಸ್ಥಿತಿಯಲ್ಲಿರುವ ಇನ್ನೂ ಅನೇಕರ ಪ್ರಶ್ನೆ ಎಂದು, ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಪ್ರಕರಣ ಮುಂದುವರಿಸುವಂತೆ ಮಾಡಿದರು. ನ್ಯಾಯಾಲಯಕ್ಕೆ ನೆರವಾಗಲು ವಕೀಲರನ್ನು ನೇಮಿಸಿದರು. ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದ ದಿನ ಚಿಕ್ಕಮ್ಮನ ಎರಡನೇ ಡಬ್ಬಿ ಮುಗಿಯುತ್ತಾ ಬಂದಿತ್ತು. ಪತ್ರಿಕೆಯನ್ನು ಮಡಿಸಿ ಅವರಿಗೆ ಕಾಣದಂತೆ ಇಟ್ಟೆ.

2023ರ ಜನವರಿಯಲ್ಲಿ ಪಾಲ್ಬೊಸಿಕ್ಲಿಬ್ ಪೇಟೆಂಟ್ ಅವಧಿ ಮುಗಿಯಿತು. ಸ್ವಲ್ಪ ದಿನದಲ್ಲೇ ಹಲವು ಭಾರತೀಯ ಕಂಪನಿಗಳ ಮಾತ್ರೆ ಅಂಗಡಿಗೆ ಬಂತು. ಡಾಕ್ಟರನ್ನು ಕೇಳಿ ಬದಲಾಯಿಸಿಕೊಂಡೆವು. ನಾವು ಪ್ರತಿ ತಿಂಗಳು ಹೋಗುತ್ತಿದ್ದ ಅದೇ ಅಂಗಡಿ, ಅದೇ ಔಷಧಿ, ಬಿಲ್ ಮಾತ್ರ ಹಿಂದಿನದರ ಒಂದು ಚಿಕ್ಕ ಪಾಲು. ಚಿಕ್ಕಪ್ಪ ಎರಡೆರಡು ಸಲ ಡಬ್ಬಿ ಎಣಿಸಿ, ಒಂದು ತಿಂಗಳದ್ದು ಪೂರ್ತಿ ಕೊಟ್ಟಿದ್ದಾರೆ ತಾನೇ ಎಂದು ಅಂಗಡಿಯವರನ್ನು ಕೇಳಿದರು. ಔಷಧಿ ಬದಲಾಗಲಿಲ್ಲ, ಕಾಯಿಲೆ ಬದಲಾಗಲಿಲ್ಲ, ಕ್ಯಾಲೆಂಡರಿನ ಒಂದು ತಾರೀಕು ಮಾತ್ರ ಬದಲಾಯಿತು. ಚಿಕ್ಕಮ್ಮ ಆ ತಾರೀಕಿನ ಈಚೆ ಇದ್ದರು. ಇನ್ನೊಂದು ಔಷಧಿ ಬರೆಸಿಕೊಂಡ ಆ ಮಹಿಳೆಗೆ ಅಂಥ ತಾರೀಕು ಬರಲಿಲ್ಲ. ಇದರಲ್ಲಿ ನಮ್ಮ ಜಾಣತನ ಏನೂ ಇಲ್ಲ. ಅದೃಷ್ಟ ಎನ್ನಬೇಕು ಅಷ್ಟೆ.

ತಿರುವನಂತಪುರದ ಇನ್ನೆರಡು ಉದಾಹರಣೆ

ಕಡ್ಡಾಯ ಪರವಾನಗಿ ಒಂದೇ ದಾರಿ ಅಲ್ಲ ಎನ್ನುವುದಕ್ಕೆ ತಿರುವನಂತಪುರದಲ್ಲೇ ಎರಡು ನಿದರ್ಶನಗಳಿವೆ.

ಮೊದಲನೆಯದು ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ. ವಿದೇಶದ ಹೃದಯ ಕವಾಟ ನಮ್ಮ ಜನರಿಗೆ ಎಟುಕದಿದ್ದಾಗ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡ ವರ್ಷಗಟ್ಟಲೆ ದುಡಿದು, ಹಲವು ಸಲ ಸೋತು, ನಮ್ಮದೇ ಕವಾಟ ರೂಪಿಸಿದರು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಈಗ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಮಿಡಿಯುತ್ತಿದೆ. ಮುಂದೆ ಅವರು ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ನಮ್ಮ ಕರ್ನಾಟಕದವರೇ ಆದರು; 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಎರಡನೆಯದು ಎಸ್‌ಎಂಎ ಎಂಬ ಅಪರೂಪದ ಕಾಯಿಲೆಯ ಮಕ್ಕಳ ವಿಷಯ. ಅದರ ರಿಸ್ಡಿಪ್ಲಾಮ್ ಔಷಧಿಯ ಬೆಲೆ ಒಂದು ಬಾಟಲಿಗೆ ಸುಮಾರು 6 ಲಕ್ಷ ರೂ. ಇತ್ತು. ತಿರುವನಂತಪುರದ ಎಸ್‌ಎಟಿ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರ ಮಕ್ಕಳಿಗೆ ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. ಆದರೆ ಆ ಬೆಲೆಯಲ್ಲಿ ಯಾವ ಸರ್ಕಾರ ಎಷ್ಟು ಮಕ್ಕಳಿಗೆ ಕೊಡಬಲ್ಲದು? 2025ರ ಅಕ್ಟೋಬರ್‌ನಲ್ಲಿ, ಆ ಪೇಟೆಂಟಿನ ಸಿಂಧುತ್ವವನ್ನೇ ಪ್ರಶ್ನಿಸಿದ ನ್ಯಾಟ್ಕೋ ಪರ ದೆಹಲಿ ಹೈಕೋರ್ಟ್ ನಿಂತಿತು, ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ನ್ಯಾಟ್ಕೋ ಬಾಟಲಿಗೆ 15,900 ರೂ. ಬೆಲೆ ಇಟ್ಟಿತು. ಇದು ಕಡ್ಡಾಯ ಪರವಾನಗಿ ಅಲ್ಲ, ಪೇಟೆಂಟಿಗೇ ಹಾಕಿದ ಸವಾಲು. ಆದರೆ ಲೆಕ್ಕ ನೋಡಿ: 6 ಲಕ್ಷ ಎಲ್ಲಿ, 16 ಸಾವಿರ ಎಲ್ಲಿ!

ಇನ್ನೊಂದು ಮಗ್ಗುಲು

ಕಂಪನಿಗಳ ವಾದವನ್ನೂ ಹೇಳಬೇಕು. ಒಂದು ಔಷಧಿ ಗೆಲ್ಲುವ ಮೊದಲು ಹತ್ತಾರು ಸೋಲುತ್ತವೆ, ಆ ಖರ್ಚನ್ನು ಗೆದ್ದದ್ದೇ ತುಂಬಬೇಕು. ಕಡ್ಡಾಯ ಪರವಾನಗಿ ಸುಲಭವಾದರೆ ಹೊಸ ಔಷಧಿ ಭಾರತಕ್ಕೆ ತಡವಾಗಿ ಬರುತ್ತದೆ ಎನ್ನುತ್ತಾರೆ. ಸಂಶೋಧನೆ ಎಂದರೆ ಏನೆಂದು ಸ್ವಲ್ಪ ಮಟ್ಟಿಗೆ ಗೊತ್ತಿರುವ ನನಗೆ ಇದು ಪೊಳ್ಳು ಮಾತು ಅನ್ನಿಸುವುದಿಲ್ಲ. ಆದರೆ ಮೇಲಿನ ಇತಿಹಾಸದಲ್ಲಿ ಭಾರತ ಈ ಅಧಿಕಾರವನ್ನು ಬೇಕಾಬಿಟ್ಟಿ ಬಳಸಿದ ಒಂದು ಉದಾಹರಣೆಯೂ ಇಲ್ಲ. 2005ರಿಂದ ಈಚೆಗೆ ಒಂದೇ ಒಂದು ಪರವಾನಗಿ. ಕಾಯ್ದೆ ಬರೆದವರು ತುರ್ತು ಬಾಗಿಲನ್ನು ಇಟ್ಟದ್ದು ನೋಡುವುದಕ್ಕಲ್ಲ, ಬೆಂಕಿ ಬಿದ್ದಾಗ ತೆರೆಯುವುದಕ್ಕೆ. ಹರಡುವ ರೋಗ ಮಾತ್ರ ತುರ್ತುಸ್ಥಿತಿಯೇ, ಮನೆಮನೆಯಲ್ಲಿ ಒಬ್ಬೊಬ್ಬರಾಗಿ ಹೆಂಗಸರು ಕ್ಯಾನ್ಸರಿಗೆ ಸೋಲುವುದು ತುರ್ತುಸ್ಥಿತಿ ಅಲ್ಲವೇ ಎನ್ನುವುದೇ ಕೊಚ್ಚಿಯ ಆ ಅರ್ಜಿ ನಮ್ಮ ಮುಂದಿಟ್ಟಿರುವ ಪ್ರಶ್ನೆ.

ಕೊನೆಯಲ್ಲಿ ನಮ್ಮ ವೇದಿಕೆಯ ಗೆಳತಿಯರಿಗೆ ಎರಡು ಮಾತು. ಮನೆಯಲ್ಲಿ ಯಾರಿಗಾದರೂ ದುಬಾರಿ ಔಷಧಿ ಬರೆದುಕೊಟ್ಟರೆ, ಇದೇ ಅಂಶದ ಬೇರೆ ಕಂಪನಿಯ ಔಷಧಿ ಇದೆಯೇ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ. ಕೇರಳ ಸರ್ಕಾರದ ಕಾರುಣ್ಯ ಫಾರ್ಮಸಿಗಳಲ್ಲಿ 2024ರ ಆಗಸ್ಟ್‌ನಿಂದ ಕ್ಯಾನ್ಸರ್ ಔಷಧಿಗಳನ್ನು ಲಾಭವಿಲ್ಲದೆ ಮಾರುವ ಕೌಂಟರುಗಳಿವೆ, ವಿಚಾರಿಸಿ. ನಮ್ಮ ಎಷ್ಟೋ ಹೆಂಗಸರು ಖರ್ಚಿನ ಭಯಕ್ಕೆ ಗಂಟನ್ನೇ ಮುಚ್ಚಿಟ್ಟುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಚಿಕ್ಕಮ್ಮ ಈಗ ಸಾಗರದಲ್ಲಿದ್ದಾರೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕೊಚ್ಚಿಗೆ ಬರುತ್ತಾರೆ, ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತರುತ್ತಾರೆ. ಈ ಲೇಖನವನ್ನು ಮೊದಲು ಅವರಿಗೇ ಫೋನಿನಲ್ಲಿ ಓದಿ ಹೇಳಿದೆ. ಮೇಷ್ಟರ ಹಾಗೆ ಎರಡು ಕಡೆ ತಪ್ಪು ತಿದ್ದಿಸಿದರು. ಆ ಮಹಿಳೆಯ ಭಾಗ ಬಂದಾಗ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಕೇಳಿದರು: “ಅವರ ಆ ಮಾತ್ರೆ ಈಗಲಾದ್ರೂ ಬೇರೆಯವರು ಮಾಡೋ ಹಾಗೆ ಆಗ್ಬೇಕಲ್ಲ ಪುಟ್ಟಿ?”

ಆಗಬೇಕು ಚಿಕ್ಕಮ್ಮ. ಅದಕ್ಕಾಗಿಯೇ ಬರೆದೆ.